ಸಾಯಲೊಲ್ಲದ ಮಣ್ಣೆತ್ತು

ಗೆಳೆಯರೇ, ಅನ್ಯಗ್ರಹದ ಪುಟ್ಟ ಪ್ಲಾಸ್ಟಿಕ್ ರೋಬೋಗಳನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಉರುಳಿಸಿ ಕಾದಾಡುವ ಆಟವೊಂದಿದೆ. ಗೆಳೆಯ ಸ್ಯಾಮುಯೆಲ್ ಬಳಿ ಒಂದು ದಂಡಿದೆ, ಎದುರಾಳಿಯಿಲ್ಲ. “ನೀನೂ ಒಂದು ದಂಡು ತಗೋಲೇ” ಎಂದು ಗಂಟುಬಿದ್ದಿದ್ದಾನೆ. ನಾನೋ ಹತ್ತಿ ವ್ಯಾಪಾರಿ, ಸ್ಯಾಂಪಲ್ ಕಿತ್ತು ನೋಡದೆ ಏನನ್ನೂ ಕೊಳ್ಳುವವನಲ್ಲ. ಇಂದು ಮಣ್ಣೆತ್ತಿನ ಅಮಾವಾಸ್ಯೆಗೆ ಅವ್ವ ಪೂಜಿಸಿದ್ದ ಮಣ್ಣಿನ ಎತ್ತುಗಳನ್ನೇ ನನ್ನ ದಂಡಾಗಿ ನಿಲ್ಲಿಸಿ ಆಡಿನೋಡಿದೆ.

ಸ್ಯಾಮುಯೆಲ್ ದಾಳ ಹಾಕಿ, “ನಿನ್ನ ಎತ್ತು ಸತ್ತು ಹೋತಲೇ, ತಗಿ” ಎಂದ.

ಅಡುಗೆಮನೆಯಿಂದ ಅವ್ವ ಬಂದಳು. “ಬಸವಣ್ಣ ಸಾಯೂದಂದ್ರ ಏನಪಾ?”

“ಆಟದಾಗರೀ ಅವ್ವಾರ!” ಎಂದ ಸ್ಯಾಮುಯೆಲ್.

“ಪೂಜಾ ಮಾಡಿದಾಕಿ ನಾನು. ಆಟದಾಗೂ ಸಾಯಂಗಿಲ್ಲ.”

ಎತ್ತು ಕದಲಲಿಲ್ಲ. ಅವನ ರೋಬೋಗಳು ಒಂದೊಂದಾಗಿ ಉರುಳಿದವು. “ಇನ್ನ ನಿನ್ನ ಜೋಡಿ ಆಡಂಗಿಲ್ಲ” ಎಂದು ಡಬ್ಬಿ ಮುಚ್ಚಿದ.

ಆಟ ಛಲೋ ಇದೆ. ಸಂಜೆಯೇ ಆರ್ಡರ್ ಹಾಕಿದೆ: ಸಾಯಲು ಅವ್ವನ ಅಪ್ಪಣೆ ಬೇಡದ ದಂಡೊಂದು ಬೇಕಲ್ಲ.