ಮೌಶಿ ಬರೆಸಿದ ಪತ್ರ

ಅವರ ಬಲಗೈಯಲ್ಲಿ, ಬೆರಳುಗಳ ಬುಡಕ್ಕೆ, ಹುಣಸೆಬೀಜದಂಥ ಮೂರು ಗಟ್ಟಿ ಗಂಟುಗಳಿದ್ದವು. ಬೀಸುವ ಕಲ್ಲಿನ ಗೂಟ ಹಿಡಿದು ಹಿಡಿದು ಆದವು. ಓಣಿಯ ತುದಿಯಲ್ಲೇ ಹಿಟ್ಟಿನ ಗಿರಣಿ ಇದ್ದರೂ ಬೇಳೆ, ಮೆಂತೆಹಿಟ್ಟು, ಗೋಧಿಯ ನುಚ್ಚು ಇವನ್ನೆಲ್ಲ ಹಿತ್ತಲಿನ ಕಲ್ಲಿನಲ್ಲೇ ಬೀಸಿಕೊಳ್ಳುತ್ತಿದ್ದರು. ಆ ಅಂಗೈಗೆ ಬಿಸಿ ತಾಗುತ್ತಿರಲಿಲ್ಲ. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ, ನಾನು ಹೌಹಾರುವುದನ್ನು ನೋಡಿ ಖುಷಿಪಡುತ್ತಿದ್ದರು.

ಓಣಿಯವರೆಲ್ಲ ಅವರನ್ನು ಮರಾಠಿಯವರ ಹಾಗೆ ‘ಮೌಶಿ’, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ನನಗೆ ಅವರು ಮನೆಯ ಮಾಲಕಿಣಿ. ನಾನು ತುಮಕೂರಿನವಳು. ಪುಣೆಯ ಹಿಂಜವಾಡಿಯಲ್ಲಿ ಕೆಲಸ ಸಿಕ್ಕಾಗ, ದೂರವಾದರೂ ಚಿಂತೆಯಿಲ್ಲ ಕನ್ನಡದವರ ಮನೆ ಇರಲಿ ಎಂದು ಹುಡುಕಿ, ಖಡಕಿಯ ಅವರ ಮನೆಯ ಮಹಡಿಯ ಕೋಣೆ ಹಿಡಿದೆ. ಮೊದಲ ದಿನ ನನ್ನ ನಾಲ್ಕು ಮಾತು ಕೇಳಿ, “ಅಯ್ಯ, ರೇಡಿಯೋದಾಗ ಬಾತಮಿ ಓದಿಧಂಗ ಮಾತಾಡ್ತದಲ್ಲ ಈ ಹುಡುಗಿ!” ಎಂದು ಎದುರುಮನೆಯಾಕೆಯನ್ನು ಕೂಗಿ ಕರೆದು ತೋರಿಸಿದರು. ಎದುರುಮನೆಯಾಕೆ ಕಲಬುರ್ಗಿ ಕಡೆಯವಳು, ಗಂಡ ಕಟ್ಟಡದ ಕೆಲಸದಲ್ಲಿ ಗೌಂಡಿ. ಮೌಶಿಯ ಜಗಲಿಯ ಮೇಲೆ ಹೊತ್ತು ಕಳೆಯುವ ಹೆಂಗಸರ ಗುಂಪಿಗೆ ಆಕೆಯೇ ಮುಂದಾಳು.

ಮೌಶಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಒಂದು ಇಡೀ ಕಾದಂಬರಿ ಬಾಯಿಗೆ ಬರುತ್ತಿತ್ತು. ಅವರ ಗಂಡ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಮದುವೆಯಾದ ಹೊಸದರಲ್ಲಿ ಹೆಂಡತಿ ಊರು ನೆನೆಸಿಕೊಂಡು ಅಳುತ್ತಾಳೆಂದು ಕನ್ನಡ ಪುಸ್ತಕ ತಂದು, ಸಂಜೆ ಕೆಲಸದಿಂದ ಬಂದೊಡನೆ ಹತ್ತು ಹತ್ತು ಪುಟ ಓದಿ ಹೇಳುತ್ತಿದ್ದರಂತೆ. ಹಲವು ಪುಸ್ತಕ ಬಂದು ಹೋದರೂ ಮತ್ತೆ ಮತ್ತೆ ಓದಿಸಿಕೊಂಡದ್ದು ಅದೊಂದನ್ನೇ. ನಮಗೆ ಕಾಲೇಜಿನಲ್ಲಿ ಪಠ್ಯವಾಗಿದ್ದ ಹಳೆಯ, ಹೆಸರಾಂತ ಕಾದಂಬರಿ: ಊರವರ ಜೋಳ ಬೀಸಿಕೊಟ್ಟು ಮಗಳನ್ನು ಸಾಕುವ ಒಬ್ಬ ವಿಧವೆಯ ಕಥೆ. ನಾನು ಪರೀಕ್ಷೆಗೆಂದು ಓದಿ ಮರೆತಿದ್ದೆ. ಗಂಡ ತೀರಿಕೊಂಡು ಹನ್ನೆರಡು ವರ್ಷವಾದ ಮೇಲೂ ಮೌಶಿ ಅದರ ಯಾವ ಮಾತನ್ನು ಅವರು ಹೇಗೆ ಓದುತ್ತಿದ್ದರು ಎಂದು ಹೇಳಬಲ್ಲವರಾಗಿದ್ದರು. “ಹೆಣ್ಮಕ್ಕಳ ಮಾತ ಬಂತಂದ್ರ ಅವ್ರು ದನಿ ಸಣ್ಣ ಮಾಡ್ತಿದ್ರು. ನಂಗ ನಗು ತಡಿಲಾರದ ಸೆರಗ ಕಚ್ಚಿ ಕೂಡ್ತಿದ್ದೆ” ಎನ್ನುವರು.

ಆ ಕಾದಂಬರಿ ಹೋದ ವರ್ಷ ಸಿನಿಮಾ ಆಯಿತು. ಬರಿಯ ಸಿನಿಮಾ ಅಲ್ಲ, ಮಾತಿಗಿಂತ ಹಾಡೇ ಹೆಚ್ಚಿರುವ ಸಂಗೀತ ಚಿತ್ರ. ಪುಣೆಯ ಒಂದು ಮಾಲಿನಲ್ಲಿ ಭಾನುವಾರ ಬೆಳಿಗ್ಗೆ ಒಂದೇ ಆಟ. ನನಗೆ ಫೋನಿನಲ್ಲಿ ಸಿನಿಮಾ ವಿಮರ್ಶೆ ಬರೆಯುವ ಖಯಾಲಿ ಇತ್ತು. ನೂರಿನ್ನೂರು ಜನ ಓದುತ್ತಿದ್ದ ನನ್ನದೇ ಒಂದು ಪುಟವೂ ಇತ್ತು. ಹೋಗುವವಳಿದ್ದೆ, ಮೌಶಿಯನ್ನೂ ಕರೆದೆ. ಅವರು ಇಳಕಲ್ ಸೀರೆ ಉಟ್ಟು, ಹುರಿದ ಶೇಂಗಾ ಬೆಲ್ಲ ಗಂಟು ಕಟ್ಟಿಕೊಂಡು ಮದುವೆಗೆ ಹೊರಟವರಂತೆ ಹೊರಟರು. ಬಾಗಿಲಲ್ಲಿ ಕಾವಲಿನವನು ಗಂಟು ಒಳಗೆ ಬಿಡುವುದಿಲ್ಲ ಎಂದ. “ಕೈಯಾಗ ಒಯ್ಯಬ್ಯಾಡ ಅಂದ್ರ ಹೊಟ್ಟಿಯಾಗ ಒಯ್ತೀನಿ ತಗೋ” ಎಂದು ಅಲ್ಲೇ ನಿಂತು ಅಷ್ಟೂ ಶೇಂಗಾ ತಿಂದು ಮುಗಿಸಿದರು. ಅವನಿಗೂ ಒಂದು ಹಿಡಿ ಕೊಟ್ಟರು.

ಒಳಗೆ ಅವರು ಕುರ್ಚಿಗೆ ಬೆನ್ನು ಹಚ್ಚಲೇ ಇಲ್ಲ. ತುದಿಯಲ್ಲಿ ಕುಳಿತು, ಕತ್ತು ಮುಂದೆ ಚಾಚಿ, ಹಾಡಿಗೆ ಸರಿಯಾಗಿ ತೊಡೆ ತಟ್ಟುತ್ತಿದ್ದರು. ನಾಯಕಿ ಅತ್ತರೆ “ಅಳಬ್ಯಾಡ ನಮ್ಮವ್ವ” ಎನ್ನುವರು. ದೊಡ್ಡ ಹಾಡು ಬಂತು. ನಾಯಕಿ ಬೀಸುವ ಕಲ್ಲು ತಿರುಗಿಸುತ್ತ ಹಾಡುತ್ತಾಳೆ, ಹಿನ್ನೆಲೆಯಲ್ಲಿ ಐವತ್ತು ಪಿಟೀಲು. ಇಡೀ ಹಾಲ್ ಮೈಮರೆತಿರುವಾಗ ಮೌಶಿ ಧಡಕ್ಕನೆ ಎದ್ದು ನಿಂತು, “ಕಾಳ ಹಾಕವಾ! ಖಾಲಿ ಕಲ್ಲ ತಿರಗಸ್ತಾರೇನು? ಮನಿಗಿ ಛಲೋ ಅಲ್ಲ ಅದು, ಒಂದ ಮುಷ್ಟಿ ಜ್ವಾಳಾ ಹಾಕು!” ಎಂದು ಕೂಗಿದರು. ಹಾಲಿನ ತುಂಬ ನಗು. ಟಾರ್ಚಿನವನು ಓಡಿ ಬಂದು, “ಮಾವಶೀ, ಆವಾಜ್ ನಕೋ”, ಸದ್ದು ಬೇಡ, ಎಂದು ಕೈಮುಗಿದ. “ಮೌಶಿ, ಪ್ಲೀಸ್ ಕೂತ್ಕೊಳ್ಳಿ, ಎಲ್ರೂ ನಮ್ಮನ್ನೇ ನೋಡ್ತಿದ್ದಾರೆ” ಎಂದು ನಾನು ಸೆರಗು ಜಗ್ಗಿದೆ. ಇಂಟರ್ವಲ್ ಆದ ಮೇಲೆ ಎ.ಸಿ. ಗಾಳಿ ನೇರ ಬರುತ್ತದೆಂದು ನೆಪ ಹೇಳಿ ಎರಡು ಸೀಟು ಆಚೆ ಹೋಗಿ ಕುಳಿತೆ. ಅಂದು ಅವರಿಂದ ನನಗೆ ನಾಚಿಕೆಯಾಗಿತ್ತು. ಎಂಥ ಸುಖದ ನಾಚಿಕೆ ಅದು.

ಹೊರಗೆ ಬಂದಾಗ ಅವರ ಕಣ್ಣು ಕೆಂಪಾಗಿದ್ದವು. ಕಲ್ಲಿನ ಸಿಟ್ಟು ಇಳಿದಿರಲಿಲ್ಲ, ಆದರೆ ಸಿನಿಮಾ ಮೇಲೆ ಪ್ರೀತಿ ಉಕ್ಕಿತ್ತು. ಕಾದಂಬರಿಯ ಕೊನೆಯಲ್ಲಿ ಆ ಹೆಂಗಸು ಒಂದು ಮಾತೂ ಆಡದೆ ಮಗಳ ಕೈ ಹಿಡಿದು ಊರು ಬಿಟ್ಟು ಹೋಗುತ್ತಾಳೆ. ಆ ಮೌನವೇ ಕೃತಿಯ ಹಿರಿಮೆ ಎಂದು ನಾವು ಪರೀಕ್ಷೆಯಲ್ಲಿ ಬರೆದಿದ್ದೆವು. ಸಿನಿಮಾದಲ್ಲಿ ಆಕೆ ಹಾಡುತ್ತ ಹೋಗುತ್ತಾಳೆ. ಇದು ಕಾದಂಬರಿಗೆ ಮಾಡಿದ ಅಪಚಾರ ಅಲ್ಲವೇ ಎಂದು ನಾನು ದೊಡ್ಡ ವಿಮರ್ಶಕಿಯ ಹಾಗೆ ಕೇಳಿದೆ.

“ಅಪಚಾರ ಎಲ್ಲೀದು? ಹಾಡಿ ಹೋಗೂದ ಖರೆ” ಎಂದರು ಮೌಶಿ. “ಬರದಾಂವ ಭಾಳ ಶಾಣ್ಯಾ, ಆದ್ರ ಗಂಡಸು. ಹೆಣ್ಮಕ್ಕಳು ನಸಿಕಿನ್ಯಾಗ ಎದ್ದು ಬೀಸೂವಾಗ ಹಾಡ್ತಾರ. ಆವಾಗ ಗಂಡಸ್ರು ಮಲಗಿರ್ತಾರ. ಅಂವಗ ಕೇಳಿಸಿಲ್ಲ, ಅದಕ್ಕ ಆಕಿ ಸುಮ್ನಿದ್ಲು ಅಂತ ಬರದಾನ. ಈ ಸಿನಿಮಾದಾಂವ ಯಾರೋ, ಎದ್ದು ಕೇಳ್ಯಾನ ನೋಡು.”

ನಾನು ಮಾಲಿನ ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಎಂ.ಎ. ಓದಿದ ಯಾರೂ ಆ ಕಾದಂಬರಿಯ ಬಗ್ಗೆ ಇಂಥ ಮಾತು ಆಡಿದ್ದು ನಾನು ಕೇಳಿರಲಿಲ್ಲ.

ಮುಂದಿನ ವಾರ ಅವರು ಇನ್ನೊಮ್ಮೆ ನೋಡಿದರು, ಅದರ ಮುಂದಿನ ವಾರ ಮತ್ತೊಮ್ಮೆ. ನಾಲ್ಕನೆಯ ಸಲ ನನ್ನನ್ನು ಕರೆಯದೆ ಒಬ್ಬರೇ ಬಸ್ಸು ಹತ್ತಿ ಹೋಗಿ ಬಂದರು. ಬಂದವರೇ ಮಹಡಿ ಹತ್ತಿ, “ಆ ಸಿನಿಮಾ ಮಾಡ್ದಾಂವಗ ನಂದೊಂದ ಪತ್ರಾ ಬರಕೊಡವಾ” ಎಂದರು. ಮೂರು ಭಾನುವಾರ ಕುಳಿತು ಹೇಳಿ ಬರೆಸಿದರು. ಪತ್ರ ಹೇಗಿರಬೇಕೆಂಬ ಪದ್ಧತಿ ಅವರಿಗೆ ಗೊತ್ತಿತ್ತು: ಮೇಲೆ ಶ್ರೀಕಾರ, ಆಮೇಲೆ ನಾವೆಲ್ಲ ಕ್ಷೇಮ, ಆಮೇಲೆ ಮಳೆ ಬೆಳೆ, ಆಮೇಲೆ ವಿಷಯ. ಖಾಲಿ ಕಲ್ಲಿನ ಬೈಗುಳ, ಮಲಗಿದ್ದ ಗಂಡಸರ ಮಾತು, ಗಂಡ ಸಣ್ಣ ದನಿ ಮಾಡಿ ಓದುತ್ತಿದ್ದದ್ದು, ಎಲ್ಲವೂ ಬಂತು. ಪ್ರತಿ ಸಲ ನಾನು ಓದಿ ಹೇಳಬೇಕು, ಅವರು ತಲೆಯಾಡಿಸಬೇಕು. “ಉತ್ತರಾ ಬರೀಲಿಕ್ಕ ಮನಿ ಪತ್ತೆ ಪೂರಾ ಹಾಕು, ಪಿನ್ ಕೋಡ ಬಿಡಬ್ಯಾಡ” ಎಂದು ಎರಡು ಬಾರಿ ಹೇಳಿದರು.

ಪತ್ರ ನಾನು ಕಳಿಸಲಿಲ್ಲ. ಮೊದಲು ನಿರ್ದೇಶಕರ ವಿಳಾಸ ಸಿಗಲಿಲ್ಲ, ಅದು ನಿಜ. ಆಮೇಲೆ ಒಂದು ದಿನ ಕಂಪನಿಯ ಕ್ಯಾಬು ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗ, ಬೇಸರ ಕಳೆಯಲು, ಅದರ ಒಂದು ತುಣುಕನ್ನು ನನ್ನ ಪುಟಕ್ಕೆ ಹಾಕೋಣ ಎನ್ನಿಸಿತು. ಅವರ ಮಾತನ್ನು ಹಾಗೇ ಹಾಕಿದರೆ ನನ್ನ ಓದುಗರಿಗೆ ತೊಡಕಾದೀತೆಂದು ‘ಅಂವಗ ಕೇಳಿಸಿಲ್ಲ’ ಎಂಬುದನ್ನು ‘ಅವನಿಗೆ ಕೇಳಿಸಲಿಲ್ಲ’ ಎಂದು ತಿದ್ದಿದೆ. ‘ನಸಿಕು’ ಹೋಗಿ ‘ನಸುಕು’ ಬಂತು. ಒಗೆದು ಇಸ್ತ್ರಿ ಹಾಕಿದ ಮೇಲೆ ಬಟ್ಟೆ ನನ್ನದೇ ಅನ್ನಿಸಿತು. ಮೌಶಿಯ ಹೆಸರನ್ನು ಕೆಳಗೆ ಬರೆಯಬೇಕೆಂದು ಬೆರಳು ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಹಿಂದೆ ಬಂದದ್ದೂ ನೆನಪಿದೆ.

ಸಂಜೆಯೊಳಗೆ ಸಾವಿರಾರು ಜನ ಅದನ್ನು ಹಂಚಿಕೊಂಡಿದ್ದರು. ಮರುವಾರ ಖಾಲಿ ಕಲ್ಲಿನ ಮಾತು ಹಾಕಿದೆ, ಅದಕ್ಕೂ ಹಾಗೆಯೇ ಆಯಿತು. ‘ಎಂಥ ಸೂಕ್ಷ್ಮ ಕಣ್ಣು ನಿಮ್ಮದು’ ಎಂದು ನಾನು ಗೌರವಿಸುವ ಲೇಖಕರೊಬ್ಬರು ಬರೆದರು. ಕೆಳಗಿನ ಮನೆಯಲ್ಲಿ ಮೌಶಿ ಪ್ರತಿ ಶನಿವಾರ ಕೇಳುತ್ತಿದ್ದರು, “ಉತ್ತರಾ ಬಂತೇನವಾ?” ನಾನು, “ದೊಡ್ಡ ಜನ ಮೌಶಿ, ಟೈಮ್ ಆಗುತ್ತೆ” ಎನ್ನುತ್ತಿದ್ದೆ. “ಆಗಲಿ ಆಗಲಿ, ಅವ್ರಿಗೂ ಕೆಲಸ ಇರ್ತಾವ” ಎಂದು ಅವರೇ ನನಗೆ ಸಮಾಧಾನ ಹೇಳುತ್ತಿದ್ದರು.

ಉತ್ತರ ಬಂತು, ನನಗೆ. ಪುಣೆಯ ಕನ್ನಡಿಗರು ಸೇರಿ ನಿರ್ದೇಶಕರನ್ನು ಕರೆಸುತ್ತಿದ್ದರು. ವೇದಿಕೆಯ ಮೇಲೆ ಅವರೊಡನೆ ಮಾತಾಡಲು ನಾನೇ ಇರಬೇಕೆಂದು, ನನ್ನ ಪುಟ ಓದಿದ್ದ ನಿರ್ದೇಶಕರೇ ಕೇಳಿದ್ದರಂತೆ. ಸುದ್ದಿ ಓಣಿಗೆ ಮುಟ್ಟಿತು. ಮೌಶಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. “ನಾನೂ ಬರ್ತೀನಿ. ಪತ್ರಾ ಮುಟ್ಟೇದಿಲ್ಲೋ ಅಂವನ್ನ ಕೇಳ್ತೀನಿ” ಎಂದರು. ಬೇಡ ಎನ್ನಲು ಬಾಯಿ ಬರಲಿಲ್ಲ. ನಾನು ಪುಟಕ್ಕೆ ಹಾಕಿದ ಮಾತು ವೇದಿಕೆಯ ಮೇಲೆ ಬರಲಾರದು ಎಂದು ನನಗೆ ನಾನೇ ಹೇಳಿಕೊಂಡೆ.

ಎರಡನೆಯ ಸಾಲಿನಲ್ಲಿ ಮೌಶಿ, ಪಕ್ಕದಲ್ಲಿ ಎದುರುಮನೆಯಾಕೆ. ಕುಳಿತು ಐದು ನಿಮಿಷವಾಗಿರಲಿಲ್ಲ, ನಿರ್ದೇಶಕರು ಸಭೆಯ ಕಡೆ ತಿರುಗಿ, “ಬರೆದವನು ಮಲಗಿದ್ದ, ಅದಕ್ಕೇ ಹಾಡು ಕೇಳಿಸಲಿಲ್ಲ ಅಂತ ಇವರು ಬರೆದಿದ್ದಾರೆ. ಅದನ್ನ ಇಪ್ಪತ್ತು ಸಲ ಓದಿದೀನಿ. ಖಾಲಿ ಕಲ್ಲಿನ ವಿಷಯಕ್ಕೆ ತಲೆ ತಗ್ಗಿಸ್ತೀನಿ. ಇಷ್ಟು ಚಿಕ್ಕ ವಯಸ್ಸಲ್ಲಿ ಇದೆಲ್ಲ ಹೇಗೆ ಗೊತ್ತಾಯ್ತು ನಿಮಗೆ?” ಎಂದು ಕೇಳಿದರು.

ಮೌಶಿ ನನ್ನನ್ನೇ ನೋಡುತ್ತಿದ್ದರು. ಮುಖ ಅರಳಿತ್ತು. ನಾನು ಈಗ ಕೈ ತೋರಿಸುತ್ತೇನೆ, ಎದ್ದು ನಿಲ್ಲಬೇಕು ಎಂದು ಸೆರಗು ಸರಿಮಾಡಿಕೊಂಡರು.

“ನಮ್ಮಜ್ಜಿ ಹೇಳ್ತಿದ್ರು” ಎಂದೆ ನಾನು.

ಚಪ್ಪಾಳೆ ಬಿತ್ತು. ಮೌಶಿಯ ಕೈ ಸೆರಗಿನ ಮೇಲೇ ನಿಂತಿತು. ಸ್ವಲ್ಪ ತಡೆದು ಅವರೂ ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ನಿರ್ದೇಶಕರು ಕೆಳಗೆ ಇಳಿದು ಬಂದರು. “ಇವರು ನಮ್ಮ ಮನೆ ಓನರ್” ಎಂದು ಪರಿಚಯಿಸಿದೆ. ಅವರು ನಮಸ್ಕರಿಸಿ, “ಸಿನಿಮಾ ನೋಡಿದ್ರಾ ಅಮ್ಮಾ?” ಎಂದರು. ನಾಲ್ಕು ಸಲ ನೋಡಿದ, ಮೂರು ಭಾನುವಾರ ಪತ್ರ ಬರೆಸಿದ ಮೌಶಿ ಅವರ ಮುಖವನ್ನು ಸಾವಕಾಶ ನೋಡಿ, “ನೋಡೀನ್ರಿ. ಛಲೋ ಅದ” ಎಂದರು. ಅಷ್ಟೇ. ನಾನು ಅಲ್ಲಿಯೇ, ಆ ಕ್ಷಣದಲ್ಲೂ ಬಾಯಿಬಿಡಬಹುದಿತ್ತು. ಯಾರೋ ಫೋಟೋ ತೆಗೆಯಲು ಕರೆದರು, ಹೋದೆ.

ಆಟೋದಿಂದ ಎದುರುಮನೆಯಾಕೆ ಮುಂಚೆಯೇ ಇಳಿದು ಸಂತೆಗೆ ಹೋದಳು. ನಾವಿಬ್ಬರೇ ಉಳಿದೆವು. ಮೌಶಿ ಕೇಳಿದರು, “ನಿಮ್ಮ ಅಜ್ಜಿ ತುಮಕೂರಿನವ್ರಲ್ಲ?”

“ಹೂಂ.”

“ಅಲ್ಲೆ ಜ್ವಾಳಾ ಬೀಸ್ತಾರೇನು?”

“ಇಲ್ಲ. ರಾಗಿ.”

“ಹಂಗೇನು” ಎಂದು ಹೊರಗೆ ನೋಡತೊಡಗಿದರು. ನಮ್ಮಜ್ಜಿ ಬೀಸುವ ಕಲ್ಲು ಮುಟ್ಟಿದ್ದನ್ನು ನಾನು ಕಂಡಿಲ್ಲ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಎಲ್ಲವೂ ಮಿಲ್ಲಿಗೆ ಹೋಗುತ್ತಿತ್ತು.

ಮೌಶಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಬೆಳಿಗ್ಗೆ ಡಬ್ಬಿಗೆ ರೊಟ್ಟಿ ಹಾಕಿಕೊಡುವುದನ್ನು ಬಿಡಲಿಲ್ಲ, ಶೇಂಗಾ ಚಟ್ನಿ ಕಡಿಮೆ ಮಾಡಲಿಲ್ಲ. ಉತ್ತರ ಬಂತೇ ಎಂದು ಮಾತ್ರ ಮತ್ತೆ ಕೇಳಲಿಲ್ಲ. ಟಿ.ವಿ.ಯಲ್ಲಿ ಯಾವ ಸಿನಿಮಾ ಬಂದರೂ ನಾನು ಹೇಗಿದೆ ಎಂದು ಕೇಳಿದರೆ ‘ಛಲೋ ಅದ’ ಎನ್ನುತ್ತಿದ್ದರು. ಪರದೆಯ ಮೇಲಿನ ಹೆಂಗಸರಿಗೆ ಬುದ್ಧಿ ಹೇಳುತ್ತಿದ್ದ ಬಾಯಿ ನನ್ನೆದುರು ತೆರೆಯಲಿಲ್ಲ. ನಾನೂ ಪುಟದಲ್ಲಿ ಬರೆಯುವುದನ್ನು ನಿಲ್ಲಿಸಿದೆ. ಬರೆಯಲು ನನ್ನಲ್ಲಿ ಏನೂ ಇರಲಿಲ್ಲ ಎಂಬುದು ಆಗ ತಿಳಿಯಿತು. ಕ್ಷಮೆ ಕೇಳಬೇಕೆಂದು ಎಷ್ಟೋ ಬಾರಿ ಅಡಿಗೆಮನೆಯ ಬಾಗಿಲವರೆಗೆ ಹೋಗಿ, “ಮೌಶಿ, ಹಾಲು ಬಂತಾ?” ಎಂದು ಕೇಳಿ ವಾಪಸಾದೆ.

ಎಂಟು ತಿಂಗಳ ಮೇಲೆ, ಒಂದು ಮಧ್ಯಾಹ್ನ ಊಟ ಮಾಡಿ ಅಡ್ಡಾದ ಮೌಶಿ ಏಳಲಿಲ್ಲ. ಮಕ್ಕಳಿರಲಿಲ್ಲ. ಲೋಣಾವಳಾದಿಂದ ತಂಗಿಯ ಮಗಳು ಬಂದು ಎಲ್ಲ ನಡೆಸಿದಳು. ಮೂರನೆಯ ದಿನ ಜಗಲಿಯ ಮೇಲೆ ಓಣಿಯ ಹೆಂಗಸರು ಕುಳಿತು ಮೌಶಿಯ ಮಾತು ತೆಗೆದು ಅಳುತ್ತ ನಗುತ್ತ ಇದ್ದರು. ಎದುರುಮನೆಯಾಕೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

“ಒಂದ ಮಾತ ಕೇಳ್ತೀನವಾ. ಆ ಸಿನಿಮಾದಾಂವ ಸ್ಟೇಜ್ ಮ್ಯಾಲ ನಿನಗ ಹೇಳಿದ್ನಲ್ಲ, ಆ ಮಾತ ತನ್ನದು ಅಂತಿದ್ಲು ಮೌಶಿ. ‘ನನ್ನ ಮಾತ ಅಂವ ಇಪ್ಪತ್ತ ಸಲ ಓದ್ಯಾನ, ನನ್ನ ಪತ್ರಾ ಮುಟ್ಯದ’ ಅಂತ. ನಿನ್ನ ಬಗ್ಗೆ ಏನೂ ಅನ್ನಲಿಲ್ಲ ಮತ್ತ, ಹುಡುಗಿ ಬರಕೊಟ್ಟಾಳ ಅಷ್ಟ ಅಂತಿದ್ಲು. ನಾವೆಲ್ಲಾ ಆಕಿನ್ನ ಭಾಳ ಕಾಡಿಸಿದಿವಿ. ಅಕ್ಷರಾ ಬರದಾಕಿ ಪತ್ರಾ ಬರದಾಳಂತ, ನಾಳೆ ಸಿನಿಮಾನೂ ನಾನ ಮಾಡೀನಿ ಅಂತಾಳ ಅಂತ. ಕಡೀಕ ಕಡೀಕ ಜಗಲಿಗಿ ಬರೂದ ಬಿಟ್ಟಳು. ಅದು ಖರೆ ಇತ್ತೇನು, ಇಲ್ಲಾ ಮುದಕಿ ಬಡಾಯಿ ಕೊಚ್ಚಿದ್ಲೋ?”

ಜಗಲಿಯ ಹೆಂಗಸರೆಲ್ಲ ನನ್ನ ಮುಖ ನೋಡಿದರು.

“ಖರೆ ಇತ್ತು” ಎಂದೆ. “ಎಲ್ಲಾ ಅವರದೇ. ನಾನು ಕದ್ದೆ.”

ಎದುರುಮನೆಯಾಕೆ ಸಿಟ್ಟಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ನನಗಲ್ಲ, ತನಗೇ ಹೇಳಿಕೊಂಡಂತೆ ಅಂದಳು:

“ಮೊದಲ ಹೇಳಿದ್ದರ ನಾವು ಆಕಿನ್ನ ನೋಡಿ ನಗತಿರಲಿಲ್ಲವಾ.”