ತಮ್ಮ ರಾಶಿಯನ್ನು ಕೊನೆಗಿಟ್ಟವರು

ಅವರ ಬಲಗೈ ಹೆಬ್ಬೆರಳಿನ ಉಗುರು ಮೆಕ್ಕೆಜೋಳ ಒತ್ತಿ ಒತ್ತಿ ಹಳದಿಗಟ್ಟಿ ದಪ್ಪಗಾಗಿತ್ತು. ಕಾಳನ್ನು ಉಗುರಿನಿಂದ ಒತ್ತಿಯೇ ತೇವ ಹೇಳುತ್ತಿದ್ದ ಮಂಡಿಪೇಟೆಯ ದಲಾಲಿ ಸಾಹುಕಾರರು ಅವರು. ಅವರ ಮಂಡಿಯ ಪಕ್ಕದಲ್ಲೇ ನನ್ನ ಟಿವಿ ರಿಪೇರಿ ಅಂಗಡಿ. ಸಂಜೆ ಚಹಾಕ್ಕೆ ಬಂದು ಕೂತರೆ, "ಏನಲೇ ಇಂಜಿನಿಯರಾ, ಇವತ್ತು ಯಾರ್ ಟಿವಿ ಕೊಂದೆ?" ಎಂದು ಕಿಚಾಯಿಸುವರು.

ಏಳನೇ ತರಗತಿಗೆ ಶಾಲೆ ಬಿಟ್ಟ ನಾನು, ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತು, ಟಿವಿಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆಯೊಂದನ್ನು ಕಟ್ಟಿದ್ದೆ. ಅದರೊಳಗಿನ ಆಟಗಳೂ ನನ್ನವೇ. ಕೊಂಡವರು ನಾಲ್ಕು ದಿನ ಆಡಿ, "ಬೇರೆ ಆಟ ಇಲ್ವೇನ್ರಿ?" ಎನ್ನುತ್ತಿದ್ದರು. ಒಬ್ಬನೇ ಎಷ್ಟೆಂದು ಮಾಡಲಿ? ಹೊರಗಿನವರು ಆಟ ಮಾಡಿಕೊಡದಿದ್ದರೆ ಪೆಟ್ಟಿಗೆ ಸತ್ತಂತೆಯೇ. ಕರೆದರೆ ಬಂದು ನೋಡುತ್ತಿದ್ದರು, ಮತ್ತೆ ಸುಳಿಯುತ್ತಿರಲಿಲ್ಲ.

ಕಾರಣ ಹೇಳಿದವಳು ಹರಿಹರದ ಒಬ್ಬ ಹುಡುಗಿ. ಕಾಲೇಜು ಮುಗಿಸಿ ಆಟಗಳನ್ನು ಮಾಡುತ್ತಿದ್ದಳು. ಪೆಟ್ಟಿಗೆ ಹಚ್ಚಿ ನೋಡಿ, "ಪಟ್ಟಿ ತೆಗೆದ್ರೆ ಪರದೆ ತುಂಬ ಮೊದ್ಲು ನಿಮ್ ಆಟಾನೇ ಅದಾವಲ್ರೀ ಅಣ್ಣಾ. ನಮ್ದು ಹುಡುಕಾಕೆ ಜನ ಎಲ್ಲೀಮಟ ಇಳೀಬೇಕು? ನಾನು ಮೊಬೈಲಿಗೇ ಮಾಡ್ಕೊಂತೀನಿ ಬಿಡ್ರಿ" ಎಂದಳು.

"ಪೆಟ್ಟಿಗೆ ನಂದು. ಮೊದ್ಲು ನನ್ ಆಟಾನೇ ಇರ್ತಾವೆ!" ಎಂದೆ. ಅವಳು ಎದ್ದು ಹೋದಳು.

ಅಲ್ಲೇ ಕೂತಿದ್ದ ಸಾಹುಕಾರರು ಚಹಾದ ಲೋಟ ಕೆಳಗಿಟ್ಟು ಎದ್ದರು. ಮರುದಿನ ಮಂಡಿಗೆ ಕರೆದರು. ರೈತರು ತಂದ ಮೆಕ್ಕೆಜೋಳದ ಹರಾಜು ನಡೆದಿತ್ತು. ಮೋಡ ಕವಿದು ಖರೀದಿದಾರರು ಅವಸರದಲ್ಲಿದ್ದರು. ಸಾರಥಿ ಊರಿನವರ ರಾಶಿ, ಆನಗೋಡು ಊರಿನವರ ರಾಶಿ ಒಂದೊಂದಾಗಿ ಹೋದವು. ಸಾಹುಕಾರರ ಸ್ವಂತ ಹೊಲದ ಜೋಳ ಮೂಲೆಯಲ್ಲಿ ಕಾಯುತ್ತಿತ್ತು. ಅದರ ಸರದಿ ಬರುವಷ್ಟರಲ್ಲಿ ಹನಿ ಬಿದ್ದವು. ಅರ್ಧ ಜನ ಹೊರಟೇ ಹೋದರು.

"ನಿಮ್ದು ಮೊದ್ಲು ಕೂಗಿಸ್ಬೋದಿತ್ತಲ್ರೀ?" ಎಂದೆ.

"ಕೂಗಿಸಿದ್ರೆ ನಾಳೆ ಇವ್ರ ಗಾಡಿ ಇನ್ನೊಬ್ರ ಮಂಡಿಗೆ ತಿರುಗ್ತಾವೆ. ಮಂಡಿ ಇಟ್ಟೋನು ಕಡೀಗೆ ನಿಲ್ಬೇಕಲೇ. ನೀನು ಪಂಕ್ತಿಗೆ ಜನ ಕರ್ದು, ನೀನೇ ಮೊದ್ಲು ಉಂಡು ಕೈ ತೊಳ್ಕೊಂಡಿ!"

ಮೈಯೆಲ್ಲ ಉರಿಯಿತು. ಆದರೂ ಅಂದೇ ನನ್ನ ಆಟಗಳನ್ನೆಲ್ಲ ಪಟ್ಟಿಯ ಕೊನೆಗೆ ಇಳಿಸಿ, ಪೆಟ್ಟಿಗೆ ಹೊತ್ತು ಹರಿಹರದ ಬಸ್ಸು ಹತ್ತಿದೆ. "ತಂಗೀ, ಮೇಲಿನ ಜಾಗ ಖಾಲಿ ಐತೆ" ಎಂದೆ. ಅವಳು ನಕ್ಕು ಪೆಟ್ಟಿಗೆಯನ್ನು ಒಳಗೆ ತೆಗೆದುಕೊಂಡಳು.

ಅವಳು ಮಾಡಿಕೊಟ್ಟ ಆಟಕ್ಕಾಗಿಯೇ ಜನ ಪೆಟ್ಟಿಗೆ ಕೇಳಿಕೊಂಡು ಬಂದರು. ಆಮೇಲೆ ಅವಳ ಗೆಳೆಯರು ಆಟ ತಂದರು, ಅವರ ಹಿಂದೆ ಮತ್ತಷ್ಟು ಜನ. ಸಾಹುಕಾರರೂ ಒಂದು ದಿನ ಆಡಿ, ಸೋತು, "ನಿನ್ನಾಟ ಎಲ್ಲೈತಲೇ?" ಎಂದರು. ಕೆಳಗೆ, ತೀರ ಕೆಳಗೆ ಇಳಿದು ತೋರಿಸಿದೆ. "ಈಗ ಮಂಡಿ ಆತು ನೋಡು!" ಎಂದು ಬೆನ್ನಿಗೆ ಗುದ್ದಿದರು.

ಹೋದ ವರ್ಷ ಅವರು ತೀರಿಕೊಂಡರು. ಇಂದು ನನ್ನ ಪೆಟ್ಟಿಗೆಯಲ್ಲಿ ಊರೂರಿನವರು ಮಾಡಿದ ಆಟಗಳಿವೆ. ನನ್ನವನ್ನು ಹುಡುಕಿಕೊಂಡು ಅಷ್ಟು ಕೆಳಗೆ ಇಳಿಯುವವರು ಕಡಿಮೆ. ಅದನ್ನು ಯಾರ ಮುಂದೆ ಬೇಕಾದರೂ ಎದೆಯುಬ್ಬಿಸಿ ಹೇಳುತ್ತೇನೆ.