ಡಾಕ್ಟರಮ್ಮನ ಮೂಗು

ಆ ಮೂರಂತಸ್ತಿನ ವಠಾರದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಆಕೆ ಡಾಕ್ಟರಮ್ಮ. ಓದಿದ್ದು ಹತ್ತನೆಯ ತರಗತಿ. ನೋಡುವ ರೋಗಿಗಳೆಲ್ಲ ಅಂಗಿ, ಚಾದರ, ಪರದೆ, ಮೇಜುಬಟ್ಟೆ. ಯಾರಾದರೂ ಬಟ್ಟೆಯ ಗಂಟು ಹಿಡಿದು, ಅಳುಮೋರೆ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದರೆ ಅದು ಎರಡನೆಯ ಅಂತಸ್ತಿನ ಎಡಗಡೆ ಬಾಗಿಲಿಗೇ ಎಂದು ವಠಾರಕ್ಕೆಲ್ಲ ಗೊತ್ತು.

"ರಕ್ತದ ಕಲೆಗೆ ಬಿಸಿನೀರು ಹಾಕಿದ್ಯಾ? ಯಾರಮ್ಮ ಹೇಳಿದ್ದು ನಿಂಗೆ? ಚೆನ್ನಾಗಿ ಬೇಯಿಸಿ ಕೂರಿಸಿಬಿಟ್ಟಿದ್ದೀಯಲ್ಲ ಅದನ್ನ!"

ಮೊದಲು ಬೈಗುಳ, ಆಮೇಲೆ ಚಿಕಿತ್ಸೆ. ರಕ್ತಕ್ಕೆ ತಣ್ಣೀರು. ಎಣ್ಣೆಗೆ ಮುಖದ ಪೌಡರ್ ಉದುರಿಸಿ ಒಂದು ಗಂಟೆ ಬಿಟ್ಟು, ಆಮೇಲೆ ಪಾತ್ರೆ ತೊಳೆಯುವ ಸೋಪು. ಬಾಲ್‌ಪೆನ್ನಿನ ಗೀಟಿಗೆ ಸ್ಪಿರಿಟ್ಟು, ತುಕ್ಕಿಗೆ ಉಪ್ಪು ಮತ್ತು ನಿಂಬೆರಸ. ಉಜ್ಜಬಾರದು, ಒತ್ತಿ ತೆಗೆಯಬೇಕು; ಅದೂ ಅಂಚಿನಿಂದ ಒಳಕ್ಕೆ, ಇಲ್ಲದಿದ್ದರೆ ಕಾಸಿನಗಲದ ಕಲೆ ತಟ್ಟೆಯಗಲ ಆಗುತ್ತದೆ. ಸೋಪಿನ ಪುಡಿ ಎರಡೇ ಚಮಚ ಸಾಕು ಎಂದರೆ ಮಾತ್ರ ಯಾರೂ ನಂಬುತ್ತಿರಲಿಲ್ಲ. ನೊರೆ ಉಕ್ಕಿ ಹರಿಯದಿದ್ದರೆ ಜನರಿಗೆ ಒಗೆದಂತೆಯೇ ಅನ್ನಿಸುವುದಿಲ್ಲ. "ನೊರೆ ನಿಮ್ಮ ಸಮಾಧಾನಕ್ಕೆ ಕಣ್ರೀ, ಬಟ್ಟೆಗೆ ಅದ್ರಿಂದ ಏನೂ ಆಗ್ಬೇಕಿಲ್ಲ. ಉಳಿದ ಸೋಪೆಲ್ಲ ನೂಲಲ್ಲೇ ಕೂತು ನಾರತ್ತೆ," ಎಂದು ಆಕೆ ಗದರುತ್ತಿದ್ದಳು.

ಆಕೆಯ ಮನೆಯ ವಾಷಿಂಗ್ ಮಷೀನಿಗೆ ಮುಂದುಗಡೆ ಗುಂಡನೆಯ ಗಾಜಿನ ಬಾಗಿಲು. ಬಾಗಿಲ ಸುತ್ತ ದಪ್ಪ ರಬ್ಬರಿನ ಮಡಿಕೆ. ಆ ಮಡಿಕೆಯೊಳಗೆ ನೀರು ನಿಂತು ಕಪ್ಪು ಕಟ್ಟಿದರೆ ಮುಗಿಯಿತು, ಎಷ್ಟು ಒಗೆದರೂ ಬಟ್ಟೆಗೆಲ್ಲ ಮುಗ್ಗಲು ವಾಸನೆ. ತಿಂಗಳಿಗೊಮ್ಮೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಅದನ್ನು ತೊಳೆಯಿರಿ ಎಂದು ಊರಿಗೆಲ್ಲ ಉಪದೇಶ ಮಾಡುತ್ತಿದ್ದವಳು ತಾನು ಮಾತ್ರ ಯಾವ ಗುರುತೂ ಹಾಕಿಕೊಳ್ಳುತ್ತಿರಲಿಲ್ಲ. ಬಾಗಿಲು ತೆಗೆದು ಮೂಗನ್ನು ಒಳಗಿಟ್ಟರೆ ಸಾಕು, ಇವತ್ತೋ ಇನ್ನೊಂದು ವಾರಕ್ಕೋ ಎಂದು ತಿಳಿದುಬಿಡುತ್ತಿತ್ತು. ಆ ಮೂಗಿನ ಮೇಲೆ ಆಕೆಗೆ ಅಷ್ಟು ಧಿಮಾಕು.

ಹೋದ ವರ್ಷ ಒಂದು ಜ್ವರ ಬಂತು. ಒಂಬತ್ತು ದಿನ ಮಲಗಿಸಿ, ಎದ್ದು ಹೋಗುವಾಗ ಆ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ಕಾಫಿ, ಸೀಮೆಎಣ್ಣೆ ಎರಡೂ ಒಂದೇ. ಬೇರೆ ಯಾರಾದರೂ ಆಗಿದ್ದರೆ ಹೋದರೆ ಹೋಗಲಿ ಎನ್ನುತ್ತಿದ್ದರು. ಈಕೆಗೆ ಕೈ ಕತ್ತರಿಸಿದ ಹಾಗಾಯಿತು. ಈ ಸಂಗತಿಯನ್ನು ಆಕೆ ಬಾಯಿಬಿಟ್ಟು ಹೇಳಿದ್ದು ಇಬ್ಬರಿಗೆ ಮಾತ್ರ. ಒಬ್ಬರು ಗಂಡ, ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಇನ್ನೊಬ್ಬಳು ಎದುರು ಬಾಗಿಲಿನ ಟೈಲರಮ್ಮ, ಇಪ್ಪತ್ತು ವರ್ಷದ ಗೆಳತಿ.

"ಇನ್ಮೇಲೆ ನೀವೇ ನನ್ನ ಮೂಗು," ಎಂದಳು ಗಂಡನಿಗೆ. "ವಾಸನೆ ಬಂದ್ರೆ ಬಂತು ಅಂತ ಹೇಳಿಬಿಡಿ. ಇವಳಿಗೆ ನೋವಾಗತ್ತೆ ಅಂತ ಮಾತ್ರ ಮುಚ್ಚಿಡಬೇಡಿ. ಅದೊಂದು ಮಾತು ಕೊಡಿ."

"ಕೊಟ್ಟೆ ಕಣೆ, ಇದೇನು ದೊಡ್ಡ ವಿಷಯ," ಎಂದರು ಮೇಷ್ಟ್ರು.

ಅಂದಿನಿಂದ ವಾರಕ್ಕೆ ಮೂರು ಸಲ ಒಣಗಿದ ಟವಲನ್ನು ಮಡಚಿ ಅವರ ಮುಖದ ಮುಂದೆ ಹಿಡಿಯುತ್ತಿದ್ದಳು. ಅವರು ಹುಬ್ಬೇರಿಸಿ, ಉಸಿರೆಳೆದು, "ಘಮ್ ಅಂತಿದೆ" ಎನ್ನುತ್ತಿದ್ದರು. ಆಕೆ ನಿಶ್ಚಿಂತೆಯಿಂದ ಇನ್ನೊಂದು ವಾರ ಮಷೀನಿನ ಮೈಯನ್ನಷ್ಟೇ ಒರೆಸಿ ಸುಮ್ಮನಾಗುತ್ತಿದ್ದಳು. ಆ ಹೊತ್ತಿಗೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಗಳಿಗೂ ಎಲ್ಲಿಲ್ಲದ ಅಕ್ಕರೆ ಬಂದುಬಿಟ್ಟಿತು. "ಅಮ್ಮ, ನಿಂತು ಇಸ್ತ್ರಿ ಮಾಡಿ ಸೊಂಟ ನೋಯಿಸ್ಕೋಬೇಡ. ಎದುರುಮನೆ ಆಂಟಿ ಹತ್ರ ಹಬೆ ಇಸ್ತ್ರಿಪೆಟ್ಟಿಗೆ ಇದೆ, ನಂದು ಅಪ್ಪಂದು ಎಲ್ಲಾ ಅಲ್ಲೇ ಮಾಡ್ಕೊಂಡ್ ಬರ್ತೀನಿ." ಚಾದರ, ಟವಲುಗಳೂ ಆ ಚೀಲದೊಳಗೆ ಸೇರಿ ಹೋಗಿ, ಗರಿಗರಿಯಾಗಿ ವಾಪಸಾಗುತ್ತಿದ್ದವು. ಎಂಥ ಮಗಳು ಎಂದು ಡಾಕ್ಟರಮ್ಮ ನಾಲ್ಕು ಜನರ ಮುಂದೆ ಹೇಳಿಕೊಂಡು ಬೀಗಿದ್ದೂ ಉಂಟು.

ಹೀಗೆ ಹನ್ನೊಂದು ತಿಂಗಳು ಕಳೆದವು. ಒಂದು ಗುರುವಾರ ಬೆಳಗ್ಗೆ ಮಗಳ ಬಿಳಿ ಸಮವಸ್ತ್ರಕ್ಕೆ ಗುಂಡಿ ಹಾಕಲೆಂದು ಬೀರುವಿನಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಕಾಲರಿನ ಒಳಮೈ, ತೋಳಿನ ಮಡಿಕೆ, ಎಲ್ಲ ಕಡೆಯೂ ತೆಳುವಾದ ಗುಲಾಬಿ. ಮೂಗಾಯಿತು, ಈಗ ಕಣ್ಣೂ ಹೋಯಿತೇ ಎಂದು ಹೆದರಿ ಪಕ್ಕದಲ್ಲಿ ಬಿಳಿ ದಿಂಬಿನ ಕವರು ಇಟ್ಟು ನೋಡಿದಳು. ಕಣ್ಣು ಚೆನ್ನಾಗಿಯೇ ಇತ್ತು. ಬಣ್ಣ ಹತ್ತಿದ್ದೂ ನಿಜ, ಮೇಲೆ ಇಸ್ತ್ರಿ ಎಳೆದು ಅದನ್ನು ಭದ್ರ ಮಾಡಿದ್ದೂ ನಿಜ.

ಆಕೆಯ ಕೈಯಲ್ಲಿ ಬಿಳಿ ಬಟ್ಟೆ ಯಾವತ್ತೂ ಬಣ್ಣದ ಬಟ್ಟೆಯ ಜೊತೆ ನೀರಿಗಿಳಿದದ್ದಿಲ್ಲ. ಅಂದರೆ ಇದನ್ನು ಒಗೆದದ್ದು ತಾನಲ್ಲ. ಹಾಗಾದರೆ ಯಾರು ಎನ್ನುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಯಾವುದೋ ನಾಟಕಮಂದಿರದ ಪರದೆಗೆಂದು ಬಂದ ಕೆಂಪು ಬಟ್ಟೆಯನ್ನು ಹೊಲಿಯುವ ಮುಂಚೆ ನೆನೆಸಿ ಹರವಿದ್ದರಿಂದ, ಎದುರುಮನೆಯ ಬಾಲ್ಕನಿಯಲ್ಲಿ ವಾರದಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು.

ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತಿದ್ದಳು. ಡಾಕ್ಟರಮ್ಮ ಸಮವಸ್ತ್ರವನ್ನು ಹೊಲಿಗೆ ಯಂತ್ರದ ಮೇಲೆ ಹರಡಿದಳು.

"ಈ ಬಣ್ಣ ನಿನ್ನ ಮನೇದು. ಇಸ್ತ್ರಿಪೆಟ್ಟಿಗೇಲಿ ಬಣ್ಣ ಬಿಡಲ್ಲ ಕಣೆ. ಹೇಳು."

ಸೂಜಿಗಳು ಒಂದೊಂದಾಗಿ ಬಾಯಿಂದ ಹೊರಬಂದವು.

"ಹೋದ ವರ್ಷದಿಂದ ಒಗೀತಿದೀನಿ. ವಾರ್ಡಲ್ಲಿ ದೊಡ್ಡ ನರ್ಸು ಎಲ್ಲರ ಮುಂದೆ ಅಂದುಬಿಟ್ಟರಂತೆ, ಮುಗ್ಗಲು ಬಟ್ಟೆ ಹಾಕ್ಕೊಂಡು ರೋಗಿಗಳ ಹತ್ರ ಬರಬೇಡ ಅಂತ. ಅಳ್ತಾ ಬಂತು ಹುಡುಗಿ. ಆಮೇಲೆ ನಿಮ್ಮೆಜಮಾನ್ರೇ ಬಂದು ಕೇಳ್ಕೊಂಡ್ರು. ನಿಂಗೆ ಹೇಳಬೇಡಿ ಅಂದ್ರು."

"ಅವರೇ ಬಂದಿದ್ರಾ?"

"ನಿನ್ನ ಮೇಲಿನ ಪ್ರೀತಿಗೆ ಕಣೆ..."

"ಎಲ್ಲಾನೂ ಒಗೆದ್ಯಾ? ಚಾದರ, ಟವಲು?"

"ಎಲ್ಲಾ." ಟೈಲರಮ್ಮ ತಲೆ ತಗ್ಗಿಸಿದಳು. "ನಿನ್ನ ಬಟ್ಟೆ ಒಂದು ಬಿಟ್ಟು. ನಿನ್ನ ಸೀರೆ ನೀನು ಇಸ್ತ್ರಿಗೆ ಕೊಡೋಳೇ ಅಲ್ಲ, ನಿನಗೆ ಗೊತ್ತಾಗದ ಹಾಗೆ ಹೇಗೆ ತರೋದು?"

ಡಾಕ್ಟರಮ್ಮನ ಮೈಯೆಲ್ಲ ಉರಿದುಹೋಯಿತು. ಮನೆಯವರೆಲ್ಲ ಒಪ್ಪವಾಗಿ ಓಡಾಡುತ್ತಿದ್ದಾಗ, ಹನ್ನೊಂದು ತಿಂಗಳು ನಾರುತ್ತಿದ್ದವಳು ತಾನೊಬ್ಬಳೇ. ನಾರುತ್ತಲೇ ಎಲ್ಲರಿಗೂ ಬುದ್ಧಿ ಹೇಳಿದ್ದಳು. ಈಚೆಗೆ ಬಟ್ಟೆ ತಂದವರು ಒಳಗೆ ಬಂದು ಕೂರದೆ, ಹೊಸ್ತಿಲಲ್ಲೇ ನಿಂತು "ಅರ್ಜೆಂಟಿದೆ ಡಾಕ್ಟರಮ್ಮ" ಎಂದು ಮರಳುತ್ತಿದ್ದದ್ದು ಈಗ ಅರ್ಥವಾಯಿತು. ಆಕೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಇಪ್ಪತ್ತು ವರ್ಷ ನನ್ನ ಪಕ್ಕ ಕೂತು ಕಾಫಿ ಕುಡಿದ್ಯಲ್ಲೇ," ಎಂದಷ್ಟೇ ಹೇಳಿ ಎದ್ದು ಬಂದಳು.

ಮನೆಗೆ ಬಂದು ಮಷೀನಿನ ರಬ್ಬರಿನ ಮಡಿಕೆಯನ್ನು ಎರಡೂ ಕೈಯಿಂದ ಅಗಲಿಸಿದಳು. ಒಳಗೆ ಕಪ್ಪಗೆ ಲೋಳೆ ಕಟ್ಟಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಅಡುಗೆ ಸೋಡಾ ಹಚ್ಚಿ ತಿಕ್ಕಿದಳು. ಕೆಳಗಿನ ಜಾಲರಿ ಬಿಚ್ಚಿ ಕೂದಲು, ನೂಲು, ಕೆಸರು ತೆಗೆದಳು. ಸೋಪು ಹಾಕುವ ಡಬ್ಬಿ ಕಳಚಿ ತೊಳೆದಳು. ಎರಡು ಲೋಟ ವಿನಿಗರ್ ಸುರಿದು ಬಿಸಿನೀರಿನಲ್ಲಿ ಖಾಲಿ ಮಷೀನು ಎರಡು ಸಲ ತಿರುಗಿಸಿದಳು. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಇಷ್ಟೇ ಕೆಲಸ! ಮೊದಲ ವಾರವೇ ಯಾರಾದರೂ ಒಂದು ಮಾತು ಹೇಳಿದ್ದರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸಕ್ಕೆ ಮೂವರು ಸೇರಿ ಹನ್ನೊಂದು ತಿಂಗಳು ನಾಟಕ ಆಡಿದ್ದರು.

ಮೇಷ್ಟ್ರು ಬಂದು ಚಪ್ಪಲಿ ಬಿಡುವುದರೊಳಗೆ ಹಿಡಿದುಕೊಂಡಳು.

"ಮಾತು ಕೊಟ್ಟಿದ್ರಲ್ಲ."

ಅವರು ಸಮವಸ್ತ್ರ ನೋಡಿದರು, ತೆರೆದ ಮಷೀನು ನೋಡಿದರು, ಅಲ್ಲೇ ಕುರ್ಚಿಯ ಮೇಲೆ ಕುಸಿದರು. "ಇಡೀ ವಠಾರಕ್ಕೆ ಬುದ್ಧಿ ಹೇಳೋಳು ನೀನು. ನಿನ್ನ ಬಟ್ಟೇನೇ ಹೀಗಿದೆ ಅಂತ ಹೇಗೆ ಹೇಳಲಿ?"

"ಬಾಯಲ್ಲಿ!" ಎಂದಳು ಡಾಕ್ಟರಮ್ಮ. "ನೋವಾದ್ರೂ ಹೇಳಿ ಅಂತ ತಾನೇ ಬೇಡ್ಕೊಂಡಿದ್ದು? ನಿಮಗೆ ನನ್ನ ನೋವಿನ ಚಿಂತೆ ಅಲ್ಲ, ನನ್ನ ಮುಖ ನೋಡೋಕಾಗಲ್ಲ ಅನ್ನೋ ಚಿಂತೆ."

ಸಂಜೆ ಮಗಳು ಬಂದು ಕಾಲ ಬಳಿ ಕೂತು ಅತ್ತಳು. ಡಾಕ್ಟರಮ್ಮ ಅವಳ ತಲೆ ಸವರಿದಳೇನೋ ನಿಜ. ಆಮೇಲೆ ಎದ್ದು ಆ ಇಸ್ತ್ರಿ ಚೀಲವನ್ನು ಮಡಚಿ ಬೀರುವಿನ ಮೇಲಕ್ಕೆ ಎಸೆದಳು.

ಮರುದಿನ ಮನೆಯ ಬಟ್ಟೆಯನ್ನೆಲ್ಲ, ತನ್ನದನ್ನು ಮೊದಲಿಟ್ಟುಕೊಂಡು, ಮತ್ತೆ ಒಗೆದು ಮಹಡಿಯ ಮೇಲೆ ಸುಡು ಬಿಸಿಲಿಗೆ ಹರವಿದಳು. ಒಣಗಿದ ಟವಲು ಮಡಚುತ್ತಿರುವಾಗ ಮೇಷ್ಟ್ರು ತಾವಾಗಿಯೇ ಕೈ ಚಾಚಿದರು. ಹುಬ್ಬೇರಿಸಿ, ಉಸಿರೆಳೆದು, "ಈಗ ನಿಜವಾಗ್ಲೂ ಚೆನ್ನಾಗಿದೆ ಕಣೆ. ನಿನ್ನಾಣೆಗೂ," ಎಂದರು.

ಡಾಕ್ಟರಮ್ಮ ಅವರ ಮುಖವನ್ನೇ ನೋಡಿದಳು. ಅದೇ ಹುಬ್ಬು, ಅದೇ ಉಸಿರು. ನಿಜ ಹೇಳುವಾಗಲೂ ಸುಳ್ಳು ಹೇಳುವಾಗಲೂ ಈ ಮನುಷ್ಯನ ಮುಖ ಒಂದೇ ಥರ ಇರುತ್ತದೆಂದು ಮೂವತ್ತೊಂದು ವರ್ಷ ಆಕೆಗೆ ತಿಳಿದೇ ಇರಲಿಲ್ಲ. ಟವಲು ಕಿತ್ತುಕೊಂಡು ಮೆಟ್ಟಿಲಿಳಿದಳು. ಕೆಳಗೆ ಕರೆಂಟು ಮೀಟರು ನೋಡಲು ಬಂದವನೊಬ್ಬ ಗೋಡೆಗೆ ಮುಖ ಮಾಡಿ ಅಂಕಿ ಬರೆದುಕೊಳ್ಳುತ್ತಿದ್ದ. ಹೊಸಬ, ಈ ಕಡೆ ಮೊದಲ ಸಲ ಬಂದವನು.

"ಸ್ವಲ್ಪ ಇದನ್ನ ಮೂಸಿ ನೋಡ್ತೀರಾ?"

ಅವನು ಕಕ್ಕಾಬಿಕ್ಕಿಯಾದ. "ಏನಿದೆಯಮ್ಮ ಇದ್ರಲ್ಲಿ?"

"ಅದನ್ನ ನೀವೇ ಹೇಳ್ಬೇಕು. ನನಗೆ ವಾಸನೆ ತಿಳಿಯಲ್ಲ."

ಅವನು ಹಿಂಜರಿಯುತ್ತ ಬಗ್ಗಿ ಮೂಸಿದ. "ಏನೂ ಇಲ್ಲಮ್ಮ. ಒಗೆದು ಬಿಸಿಲಲ್ಲಿ ಒಣಗಿಸಿದ ಬಟ್ಟೆ ವಾಸನೆ, ಅಷ್ಟೇ."

"ಪುಣ್ಯಾತ್ಮ, ಬದುಕಿಸಿದ್ರಿ," ಎಂದು ಆಕೆ ಟವಲನ್ನು ಎದೆಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರು ತುಂಬಿತು.

ಹಿಂದೆಯೇ ಇಳಿದು ಬಂದಿದ್ದ ಮೇಷ್ಟ್ರು ಮೆಟ್ಟಿಲ ತಿರುವಿನಲ್ಲಿ ನಿಂತಿದ್ದರು. "ನಾನೂ ಅದನ್ನೇ ತಾನೇ ಹೇಳಿದ್ದು?" ಎಂದರು ಸಣ್ಣ ದನಿಯಲ್ಲಿ.

"ಹೌದು, ಹೇಳಿದ್ರಿ," ಎಂದಳು ಆಕೆ, ಅವರನ್ನು ದಾಟಿ ಮೆಟ್ಟಿಲು ಹತ್ತುತ್ತ. "ಆದ್ರೆ ಅವರು ನನಗೆ ಏನೂ ಆಗಬೇಕಾದವರಲ್ಲ ನೋಡಿ. ಅದಕ್ಕೇ ನಂಬಿದೆ."